ಶಿಲ್ಪಾಳ ಮಂಡಿಯೂ ದಸ್ತಗೀರ್ ಸಾಬರ ಫ್ಲೆಕ್ಸೂ

ತುಮಕೂರಿನಂಚಿನ ಮರಳೂರಿನ ದಸ್ತಗೀರ್ ಸಾಬರ ಅಂಗಡಿಗೆ ಹಾಸಿಗೆ ಕೊಳ್ಳಲು ಬರುವವರು ಕಡಿಮೆ, ಹಾಸಿಗೆಯ ಮೇಲೆ ಕೂತು ಜಗಳ ಆಡಲು ಬರುವವರು ಜಾಸ್ತಿ. ಮಾರಾಟವಾಗದೆ ಉಳಿದ ಹಾಸಿಗೆಗಳನ್ನು ಸಾಬರು ಬಾಗಿಲ ಪಕ್ಕದಲ್ಲಿ ಒಂದರ ಮೇಲೊಂದು ಒಟ್ಟಿರುತ್ತಾರೆ. ಫೋಮ್ ಹಾಸಿಗೆ ಬಂದ ಮೇಲೆ ಹತ್ತಿ ಹಾಸಿಗೆಯ ಕಾಲ ಮುಗಿಯಿತು ಅಂತ ಊರೆಲ್ಲ ಹೇಳುತ್ತದೆ. ಇರಬಹುದು. ಆದರೆ ಸಂಜೆ ಕಾಲು ಚಾಚಿ ಕೂತು ವಾದ ಮಾಡಲು ಹತ್ತಿಗಿಂತ ಒಳ್ಳೆಯ ವಸ್ತು ಇನ್ನೂ ಬಂದಿಲ್ಲ.

ಕಳೆದ ಜೂನ್‌ನಿಂದ ಆ ಹಾಸಿಗೆಗಳ ಮೇಲೆ ನಡೆದದ್ದು ಒಂದೇ ವಾದ. ಶಿಲ್ಪಾಳ ಎಡ ಮಂಡಿ ಯಾವಾಗ ಸರಿಹೋಗುತ್ತದೆ?

ಶಿಲ್ಪಾ ಊರ್ಡಿಗೆರೆಯ ಬೆಟ್ಟಯ್ಯನ ಮಗಳು. ಹೂವು ಬೆಳೆಯುವ ಮನೆಯ ಹುಡುಗಿ. ಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಓಡಾಡುವಷ್ಟು ಎತ್ತರ. ತುಮಕೂರಿನ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಅವಳು ಸೇರಿದ ಮೇಲೆ, ಆ ತಂಡ ಯಾವ ಊರಿಗೆ ಹೋದರೂ ಹಿಂದೆ ಎರಡು ಟೆಂಪೊ ತುಂಬ ಜನ ಹೋಗತೊಡಗಿದರು. ಅವರಲ್ಲಿ ಮೊದಲನೆಯವರು ಸಾಬರು. ಅವರು ಒಂದು ದಿನವೂ ಚೆಂಡು ಮುಟ್ಟಿದವರಲ್ಲ. ಬಹಳ ವರ್ಷದ ಹಿಂದೆ ಕ್ರೀಡಾ ಹಾಸ್ಟೆಲಿಗೆ ಹಾಸಿಗೆ ಹಾಕಿಕೊಡಲು ಹೋಗಿದ್ದಾಗ, ಮಲಗಿದ್ದ ಹುಡುಗಿಯರ ಪಾದಗಳೆಲ್ಲ ಹಾಸಿಗೆಯಿಂದ ಆಚೆ ಚಾಚಿಕೊಂಡಿದ್ದನ್ನು ನೋಡಿ ಅವರಿಗೆ ಕರುಳು ಚುರುಕ್ ಅಂದಿತ್ತು. ಎಲ್ಲ ಹಾಸಿಗೆಗಳನ್ನೂ ವಾಪಸು ತಂದು ಅರ್ಧ ಅಡಿ ಉದ್ದ ಮಾಡಿ ಹೊಲಿದುಕೊಟ್ಟರು. ಇಷ್ಟುದ್ದದ ಮಕ್ಕಳು ಆಡುವುದಾದರೂ ಏನು ಅಂತ ನೋಡಲು ಒಂದು ದಿನ ಮೈದಾನಕ್ಕೆ ಹೋದರು. ಹೋದವರು ಮತ್ತೆ ಪೂರ್ತಿಯಾಗಿ ವಾಪಸು ಬರಲೇ ಇಲ್ಲ ಅನ್ನಬೇಕು.

ಅವರ ಗಂಟಲು ದೊಡ್ಡದು. ಒಂದು ಪಂದ್ಯದಲ್ಲಿ ಮೈಕಿನವನು ಕೈಕೊಟ್ಟಾಗ, ಜನರ ನಡುವಿನಿಂದ ಕೂಗುತ್ತಿದ್ದ ಇವರನ್ನೇ ಕರೆದು ಮೈಕ್ ಕೊಟ್ಟರು. ಅಂದಿನಿಂದ ಜಿಲ್ಲೆಯಲ್ಲಿ ಎಲ್ಲಿ ಪಂದ್ಯ ನಡೆದರೂ ಕನ್ನಡ ಕಾಮೆಂಟರಿ ಸಾಬರದೇ. ಪಾಸ್ ಚೆನ್ನಾಗಿದ್ದರೆ “ಹತ್ತಿ ಹಾರ್ದಂಗೆ ಹೋಯ್ತು ನೋಡಿ ಬಾಲು!” ಆಟ ಜಡವಾದರೆ “ಗಂಟು ಕಟ್ಕೊಂಡೈತೆ, ಬಿಡಿಸ್ರಮ್ಮಾ, ಬಿಡಿಸ್ರೀ!” ಯಾರು ಗೆಲ್ಲುತ್ತಾರೆ ಅಂತ ಮೊದಲೇ ಹೇಳುವ ಚಟವೂ ಇತ್ತು. ಹೇಳಿದ್ದು ಹೆಚ್ಚುಕಡಿಮೆ ಆಗುತ್ತಲೂ ಇತ್ತು. ಹೀಗಾಗಿ ಸಾಬರು ಮೈಕಲ್ಲಿ ಹೇಳಿದರೆ ಅದು ಆದಂತೆಯೇ ಅಂತ ಜನರಿಗೆ ನಂಬಿಕೆ. ಜನರಿಗಿಂತ ಸಾಬರಿಗೇ ಒಂದು ಕೈ ಜಾಸ್ತಿ.

ಕುಣಿಗಲ್‌ನ ಪಂದ್ಯದಲ್ಲಿ ಶಿಲ್ಪಾ ಬಿದ್ದಾಗಲೂ ಮೈಕ್ ಅವರ ಕೈಯಲ್ಲೇ ಇತ್ತು. “ಎದ್ಲು, ಶಿಲ್ಪಾ ಎದ್ಲು, ಆಕಾಶಕ್ಕೆ ಎದ್ಲೂ...” ಅನ್ನುತ್ತಿದ್ದಂತೆ ಅವಳು ಇಳಿದಳು, ಇಳಿದ ಕಾಲು ಒಂದು ಕಡೆ, ಮೈ ಒಂದು ಕಡೆ ತಿರುಗಿತು. ಸಾಬರು “ಯಾ ಅಲ್ಲಾ” ಅಂದದ್ದು ಇಡೀ ಮೈದಾನಕ್ಕೆ ಕೇಳಿಸಿತು. ಮಂಡಿಯೊಳಗಿನ ಲಿಗಮೆಂಟ್ ಹರಿದಿತ್ತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಡಾಕ್ಟರು ಒಂಬತ್ತು ತಿಂಗಳು ಅಂದರು.

ಡಾಕ್ಟರು ಹೇಳಿದ ಮೇಲೆ ಮಾತು ಮುಗಿಯಬೇಕಲ್ಲವೇ? ನಮ್ಮ ಜನ ಅಷ್ಟು ಸುಲಭಕ್ಕೆ ಬಿಡುತ್ತಾರೆಯೇ? ಗುಬ್ಬಿಯಲ್ಲಿ ಸಂಕ್ರಾಂತಿ ಹೊತ್ತಿಗೆ ದೊಡ್ಡ ಟೂರ್ನಮೆಂಟ್ ಇತ್ತು. ಆಪರೇಷನ್‌ನಿಂದ ಲೆಕ್ಕ ಹಾಕಿದರೆ ಏಳನೇ ತಿಂಗಳು. ಅಲ್ಲಿಗೆ ಅಂಗಡಿಯ ಹಾಸಿಗೆಗಳು ಎರಡು ಪಾಲಾದವು. ಒಂದರ ಮೇಲೆ ಏಳು ತಿಂಗಳ ಪಾರ್ಟಿ, ಇನ್ನೊಂದರ ಮೇಲೆ ಒಂಬತ್ತು ತಿಂಗಳ ಪಾರ್ಟಿ.

ಒಂಬತ್ತು ತಿಂಗಳಿಗೆ ಮುಖಂಡರು ಪಟ್ಟಾಭಿರಾಮ. ಇನ್ಶೂರೆನ್ಸ್ ಆಫೀಸಿನಿಂದ ರಿಟೈರ್ ಆದವರು, ಫೋನಿನಲ್ಲಿ ಓದದೆ ಏನನ್ನೂ ಹೇಳದವರು. ಏಳಕ್ಕೆ ಆಟೋ ಓಡಿಸುವ ಕದರಯ್ಯ, ಅವನು ಏನನ್ನೂ ಓದದೆ ಎಲ್ಲವನ್ನೂ ಹೇಳುವವನು.

“ಅಮೇರಿಕದಲ್ಲಿ ದೊಡ್ಡ ದೊಡ್ಡ ಪ್ಲೇಯರ್‌ಗಳೇ ಒಂದು ವರ್ಷ ಕೂತ್ಕೋತಾರೆ ಕಣಯ್ಯ. ನಿಮ್ ಶಿಲ್ಪಾ ಮಂಡಿ ಏನು ಬೇರೆ ಮಣ್ಣಲ್ಲಿ ಮಾಡಿದ್ದಾ?” ಅಂದರು ಪಟ್ಟಾಭಿರಾಮ.

“ಬೇರೆ ಮಣ್ಣೇ ಸ್ವಾಮಿ! ಅದು ಮುದ್ದೆ ತಿಂದ ಮಂಡಿ. ಬ್ರೆಡ್ ತಿಂದ ಮಂಡಿ ಅಲ್ಲ!”

“ನಮ್ ಷಡ್ಕ ಕುಣಿಗಲ್ ಕುದುರೆ ಫಾರಂನಲ್ಲಿದ್ದ. ಕುದುರೆಗೆ ಹಿಂಗಾದ್ರೆ ವರ್ಷಗಟ್ಲೆ ಓಡ್ಸಲ್ವಂತೆ. ಕುದುರೆಗಿಂತ ಗಟ್ಟಿನಾ ಇವಳು?” ಅಂದರು ಪಟ್ಟಾಭಿರಾಮ, ಫೋನ್ ಬದಿಗಿಟ್ಟು.

“ಕುದುರೆಗೆ ನಾಕು ಕಾಲು, ಅದ್ಕೆ ಅಷ್ಟು ದಿನ. ಇವ್ಳಿಗೆ ಎರಡೇ ತಾನೆ? ಅರ್ಧ ಸಾಕು!”

ಪಟ್ಟಾಭಿರಾಮ ಕನ್ನಡಕ ತೆಗೆದು ಒರೆಸಿಕೊಂಡರು. ಏಳು ತಿಂಗಳ ಪಾರ್ಟಿ ಚಪ್ಪಾಳೆ ಹೊಡೆಯಿತು. ಒಳಗೆ ಕೂತು ದಿಂಬಿನ ಬಾಯಿ ಹೊಲಿಯುತ್ತಿದ್ದ ಸಾಬರ ಹೆಂಡತಿ ಮುನವ್ವರಾ ಮಾತ್ರ ತಲೆ ಎತ್ತದೆ ಹೇಳಿದರು: “ಒಂಬತ್ತಕ್ಕೆ ಬರ್ಬೇಕಾದ್ದು ಏಳಕ್ಕೆ ಬಂದ್ರೆ ಗಾಜಿನ ಪೆಟ್ಟಿಗೇಲಿ ಇಡ್ಬೇಕಾಗ್ತದೆ. ಐದು ಹೆತ್ತಿದೀನಿ, ನನ್ ಕೇಳಿ.”

ಗಂಡಸರೆಲ್ಲ ಒಮ್ಮೆಲೇ ಟೀ ಕುಡಿಯುವುದರಲ್ಲಿ ಮಗ್ನರಾದರು.

ಸಾಬರು ಮೊದಮೊದಲು ಯಾವ ಹಾಸಿಗೆಗೂ ಸೇರದೆ ನಡುವೆ ನಿಂತು ಪಂಚಾಯ್ತಿ ಮಾಡುತ್ತಿದ್ದರು. ಆದರೆ ಡಿಸೆಂಬರಿನ ಒಂದು ಸಂಜೆ ತಂಡದ ಕೋಚ್ ರವಿಕಿರಣ್ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಶಿಲ್ಪಾ ಮೈದಾನದ ಸುತ್ತ ನಿಧಾನಕ್ಕೆ ಓಡುತ್ತಿದ್ದಳು. ಅಷ್ಟೇ. ಸಾಬರ ಕಣ್ಣು ತುಂಬಿ ಬಂತು. “ಓಡ್ತವ್ಳೆ! ನೋಡ್ರೋ, ಓಡ್ತವ್ಳೆ ನಮ್ ಹುಡ್ಗಿ!” ಅಂತ ಬೀದಿಗೆ ಕೇಳುವಂತೆ ಕೂಗಿದರು. ಅದೇ ಉಸಿರಿನಲ್ಲಿ ಕದರಯ್ಯನ ಹಾಸಿಗೆಯ ಮೇಲೆ ಹಾರಿ ಕೂತು ತೀರ್ಪು ಕೊಟ್ಟರು: “ಏಳು! ಗುಬ್ಬೀಲಿ ಆಡ್ತಾಳೆ!”

ನಮ್ಮ ಊರುಗಳಲ್ಲಿ ಸಂತೋಷವಾದರೆ ಮನುಷ್ಯ ಮಾಡುವ ಮೊದಲ ಕೆಲಸ ಫ್ಲೆಕ್ಸ್ ಹಾಕಿಸುವುದು. ಹುಟ್ಟುಹಬ್ಬಕ್ಕೆ ಫ್ಲೆಕ್ಸ್, ಪಾಸಾದರೆ ಫ್ಲೆಕ್ಸ್, ಸತ್ತರಂತೂ ಎರಡು ಫ್ಲೆಕ್ಸ್. ಮರುದಿನ ಬೆಳಗಾಗುವಷ್ಟರಲ್ಲಿ ಮರಳೂರಿನ ಸರ್ಕಲ್ಲಿನಲ್ಲಿ, ಲಾರಿಯ ಮೇಲೆ ಹೊದಿಸಬಹುದಾದಷ್ಟು ದೊಡ್ಡ ಫ್ಲೆಕ್ಸ್ ಎದ್ದು ನಿಂತಿತ್ತು. ಶಿಲ್ಪಾ ಚೆಂಡು ಹಿಡಿದು ಗಾಳಿಯಲ್ಲಿದ್ದಾಳೆ, ಹಿಂದೆ ಮಿಂಚು, ಪಕ್ಕದಲ್ಲಿ ಕಾರಣವೇ ಇಲ್ಲದೆ ಒಂದು ಹುಲಿ. “ಸಂಕ್ರಾಂತಿಗೆ ಸಿಡಿಲು! ಗುಬ್ಬಿ ಅಂಗಳಕ್ಕೆ ಮರಳಿ ಬರುತ್ತಿದ್ದಾಳೆ ನಮ್ಮ ಶಿಲ್ಪಾ!” ಕೆಳಗೆ ಸಾಲಾಗಿ ಶುಭ ಕೋರುವವರ ಫೋಟೊಗಳು. ಕೂಲಿಂಗ್ ಗ್ಲಾಸ್ ಹಾಕಿದ ಕದರಯ್ಯ. ನಡುವೆ ಶಿಲ್ಪಾಳಿಗಿಂತ ಸ್ವಲ್ಪವೇ ಚಿಕ್ಕದಾಗಿ ಸಾಬರು. ಒಂಬತ್ತು ತಿಂಗಳ ಪಾರ್ಟಿಯವರಾದರೂ ಪಟ್ಟಾಭಿರಾಮರ ಫೋಟೊವನ್ನೂ ಒಂದು ಮೂಲೆಯಲ್ಲಿ ತುರುಕಿದ್ದರು, ಸ್ನೇಹಕ್ಕೆ.

“ಆ ಹುಡ್ಗೀನ ಒಂದು ಮಾತು ಕೇಳಿದ್ರಾ?” ಅಂದರು ಮುನವ್ವರಾ.

“ಕೇಳಿದ್ರೆ ಸರ್ಪ್ರೈಸ್ ಎಲ್ಲಿರ್ತದೆ?” ಅಂದರು ಸಾಬರು.

ಫ್ಲೆಕ್ಸ್ ಕೆಲಸ ಮಾಡಿತು. ಜನ ನಿಂತು ಫೋಟೊ ತೆಗೆದುಕೊಂಡರು. ವಾಟ್ಸಾಪಿನಲ್ಲಿ ಅದು ಗುಬ್ಬಿಗೆ ಹೋಯಿತು, ಕುಣಿಗಲ್‌ಗೂ ಹೋಯಿತು. ಕುಣಿಗಲ್ ತಂಡದವರು ಶಿಲ್ಪಾಳನ್ನು ತಡೆಯುವುದಕ್ಕೆಂದೇ ಇಬ್ಬರನ್ನು ತಯಾರು ಮಾಡುತ್ತಿದ್ದಾರಂತೆ ಅಂತ ಸುದ್ದಿ ಬಂದಾಗ ಸಾಬರು ಎದೆ ಉಬ್ಬಿಸಿಕೊಂಡು ಅಂಗಡಿಯಲ್ಲಿ ಎಲ್ಲರಿಗೂ ಬಾದಾಮಿ ಹಾಲು ತರಿಸಿದರು. ಟೆಂಪೊ ಎರಡಲ್ಲ, ಆರು ಬೇಕಾಗುತ್ತದೆ ಅಂದ ಕದರಯ್ಯ. ಪಟ್ಟಾಭಿರಾಮರು ಕೂಡ ಗೊಣಗುತ್ತಲೇ ಒಂದು ಸೀಟು ಹಿಡಿದರು.

ಟೂರ್ನಮೆಂಟಿನ ಹಿಂದಿನ ದಿನ ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಶಿಲ್ಪಾ ಬಂದಳು. ವ್ಯಾಯಾಮ ಮಾಡುವಾಗ ಹಿಮ್ಮಡಿಯ ಕೆಳಗಿಡಲು ಗಟ್ಟಿಯಾದೊಂದು ಉದ್ದ ದಿಂಬು ಬೇಕಿತ್ತು. ಸಾಬರು ಸಂಭ್ರಮದಿಂದ ಅವಳನ್ನು ಹಾಸಿಗೆಯ ಮೇಲೆ ಕೂರಿಸಿ, ಹತ್ತಿ ತುಂಬುತ್ತಾ, ಮೈಕಿನಲ್ಲಿ ನಾಳೆ ಅವಳನ್ನು ಹೇಗೆ ಕರೆಯಬೇಕು ಅಂತ ಯೋಚಿಸಿದ್ದನ್ನೆಲ್ಲ ಒದರಿದರು. ಶಿಲ್ಪಾ ಹೂಂ ಅಂದಳು. ದಿಂಬು ಮುಗಿಯಿತು. ಅವಳು ಏಳಲಿಲ್ಲ.

ಹತ್ತಿ ಹಾಸಿಗೆ ಕೂತವರನ್ನು ಒಳಗೆ ಎಳೆದುಕೊಳ್ಳುತ್ತದೆ, ಏಳಬೇಕಾದರೆ ಮಂಡಿಗೆ ಬಲ ಬೇಕು. ಅವಳು ಎಡಗಾಲನ್ನು ನೇರ ಚಾಚಿ, ಎರಡೂ ಕೈ ಊರಿ, ತುಟಿ ಕಚ್ಚಿ ಒಂದು ಸಲ ಪ್ರಯತ್ನಿಸಿದಳು. ಮತ್ತೆ ಕೂತಳು. ಸಾಬರು ಕೈ ಕೊಟ್ಟು ಎಬ್ಬಿಸಿದರು.

“ಏನಮ್ಮಾ ಇದು? ಡಾಕ್ಟ್ರು ಆಡು ಅಂದವ್ರೆ ಅಂತ ರವಿಕಿರಣ್ ಹೇಳ್ದ?”

“ನಾನೇ ಸರ್‌ಗೆ ಹಂಗಂತ ಹೇಳಿದೀನಿ ಸಾಬ್ರೇ. ಡಾಕ್ಟ್ರು ಇನ್ನೂ ಜಂಪ್ ಮಾಡ್ಲೇಬಾರ್ದು ಅಂದವ್ರೆ. ಇನ್ನೊಂದ್ಸಲ ಹರಿದ್ರೆ ಆಟ ಮರೆತುಬಿಡು ಅಂದ್ರು.”

“ಮತ್ಯಾಕಮ್ಮಾ ಸುಳ್ಳು ಹೇಳ್ದೆ?”

ಶಿಲ್ಪಾ ದಿಂಬನ್ನು ಎದೆಗೆ ಒತ್ತಿಕೊಂಡಳು. “ನೀವು ಫ್ಲೆಕ್ಸ್ ಹಾಕ್ಸಿದ್ರಲ್ಲ, ಅದನ್ನ ನೋಡಕ್ಕೆ ಅಂತ್ಲೇ ನಮ್ಮಪ್ಪ ಊರಿಂದ ಬಸ್ಸಲ್ಲಿ ಬಂದ್ರು. ಸರ್ಕಲ್ಲಲ್ಲಿ ನಿಂತ್ಕೊಂಡು ಖುಷೀಲಿ ಅತ್ತುಬುಟ್ರು. ಬಿದ್ದಾಗಿಂದ ಅಪ್ಪ ನನ್ ಮುಂದೆ ನಕ್ಕಿದ್ದೇ ಇಲ್ಲ ಸಾಬ್ರೇ, ಅವತ್ತು ನಕ್ರು. ನಾಳೆ ಊರ್ಡಿಗೆರೆಯಿಂದ ಎಲ್ರೂನೂ ಕರ್ಕೊಂಡ್ ಬರ್ತಾವ್ರೆ. ಈಗ ಆಡಲ್ಲ ಅಂದ್ರೆ ಹೆದರ್ಕೊಂಡ್ಲು ಅಂತಾರೆ ಜನ.” ಆಮೇಲೆ ಅವಳು ಸಾಬರ ಕೈ ಹಿಡಿದುಕೊಂಡಳು. “ಸರ್‌ಗೂ ಅಪ್ಪಂಗೂ ಹೇಳಲ್ಲ ಅಂತ ಆಣೆ ಮಾಡಿ. ಅಪ್ಪನ ಮುಂದೆ ನನ್ನ ಸುಳ್ಳಿ ಮಾಡ್ಬೇಡಿ.”

ಸಾಬರು ಬೇಡ ಅಂದರು, ಗದರಿದರು, ಕೈಮುಗಿದರು. ಅವಳು ಹಿಡಿದ ಕೈ ಬಿಡಲಿಲ್ಲ. ಕೊನೆಗೆ ಆಣೆ ಮಾಡಿಯೇಬಿಟ್ಟರು.

ಆಣೆ ಮಾಡಿದ ಮೇಲೆ ಶುರುವಾಯಿತು ಸಂಕಟ. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಯಾರಿಗೂ ಹೇಳದೆ ಸಾಬರು ಏಣಿ ತೆಗೆದುಕೊಂಡು ಫ್ಲೆಕ್ಸ್ ಬಿಚ್ಚಲು ಹೋದರು. ಅಲ್ಲಿ ಆಗಲೇ ಕದರಯ್ಯ ಅದಕ್ಕೆ ಚೆಂಡು ಹೂವಿನ ಹಾರ ಹಾಕಿ ಕರ್ಪೂರ ಹಚ್ಚುತ್ತಿದ್ದ. ಏಣಿ ನೋಡಿ, ತಾನು ಮೇಲೇರಿ ಹಾರವನ್ನು ಇನ್ನೂ ಎತ್ತರಕ್ಕೆ ಕಟ್ಟಲಿ ಅಂತಲೇ ಸಾಬರು ತಂದಿದ್ದಾರೆ ಅಂದುಕೊಂಡು ಅವನು ಸರ್ರನೆ ಹತ್ತಿಬಿಟ್ಟ. ಸಾಬರು ಕೆಳಗೆ ಏಣಿ ಹಿಡಿದು ನಿಂತರು.

ಬೆಳಗ್ಗೆ ಅವರು ನಾಷ್ಟಾ ಮುಟ್ಟದಿದ್ದುದನ್ನು ಮುನವ್ವರಾ ನೋಡಿದರು. ಏನಾಯಿತು ಅಂತ ಕೇಳಿದರು. ಸಾಬರು ಚಪ್ಪಲಿ ಹುಡುಕತೊಡಗಿದರು. ಮೂವತ್ತು ವರ್ಷ ಗಂಡ ಒಂದು ತುದಿ ಹೊಲಿದ ಹಾಸಿಗೆಗೆ ಇನ್ನೊಂದು ತುದಿ ಹೊಲಿದ ಹೆಂಗಸಿಗೆ ಉತ್ತರ ಬೇಕೂ ಇರಲಿಲ್ಲ.

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಿ,” ಅಂದರು. “ಈಗ ಕುಲಾವಿ ಅಳತೆಗೆ ಕೂಸಿನ ತಲೆ ಹಿಂಡ್ಬೇಡಿ. ನಾನೂ ಬರ್ತೀನಿ ನಡೀರಿ ಗುಬ್ಬಿಗೆ.”

ಗುಬ್ಬಿಯ ಮೈದಾನ ಆ ದಿನ ತುಂಬಿ ತುಳುಕುತ್ತಿತ್ತು. ಕೊಬ್ಬರಿ ಅಂಗಡಿಯವರು ಬೇಗ ಬಾಗಿಲು ಹಾಕಿ ಬಂದಿದ್ದರು. ಕಾಂಪೌಂಡಿನ ಮೇಲೆ ಜನ, ತೆಂಗಿನ ಲಾರಿಯ ಮೇಲೆ ಜನ. ತುಮಕೂರಿನಿಂದ ಆರು ಟೆಂಪೊ, ಊರ್ಡಿಗೆರೆಯಿಂದ ಒಂದು ಟ್ರ್ಯಾಕ್ಟರ್. ಟ್ರ್ಯಾಕ್ಟರಿನ ಮುಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಬೆಟ್ಟಯ್ಯ, ಹೆಗಲ ಮೇಲೆ ಟವೆಲ್ಲು. ಫೈನಲ್ ತುಮಕೂರಿಗೂ ಕುಣಿಗಲ್‌ಗೂ. ಶಿಲ್ಪಾ ಬೆಂಚಿನ ಮೇಲೆ ಕೂತಿದ್ದಳು, ಕೊನೆಯಲ್ಲಿ ಇಳಿಸುತ್ತೇನೆ ಅಂತ ರವಿಕಿರಣ್ ಹೇಳಿದ್ದ.

ಮೈಕ್ ಹಿಡಿದ ಸಾಬರು ಅಂದು ಯಾರು ಗೆಲ್ಲುತ್ತಾರೆ ಅಂತ ಮೊದಲೇ ಹೇಳಲು ಹೋಗಲಿಲ್ಲ. ಆದರೂ ಆಟ ಆಟವೇ. ತುಮಕೂರು ಎರಡು ಹಾಕಿದರೆ ಕುಣಿಗಲ್ ಎರಡು. ಚೆಂಡು ಆ ಕಡೆ, ಜನರ ಕತ್ತು ಆ ಕಡೆ. ಸಾಬರೂ ತಮ್ಮ ಸಂಕಟ ಮರೆತು ಕುರ್ಚಿಯ ಮೇಲೆ ನಿಂತುಬಿಟ್ಟರು. “ಬಿಡಿಸ್ರಮ್ಮಾ ಗಂಟು! ಹಾಕು, ಹಾಕು, ಹಾಕು ತಾಯೀ!” ಕೊನೆಯ ಭಾಗದಲ್ಲಿ ಕುಣಿಗಲ್ ಸ್ವಲ್ಪ ಮುಂದೆ ಹೋಯಿತು. ರವಿಕಿರಣ್ ಟೈಮ್‌ಔಟ್ ಕೇಳಿದ. ಆಗ ಶುರುವಾಯಿತು ಕೂಗು. ಮೊದಲು ಕದರಯ್ಯನ ಟೆಂಪೊದಿಂದ, ಆಮೇಲೆ ಕಾಂಪೌಂಡಿನ ಮೇಲಿನಿಂದ, ಆಮೇಲೆ ಇಡೀ ಗುಬ್ಬಿಯಿಂದ: “ಶಿಲ್ಪಾ! ಶಿಲ್ಪಾ! ಶಿಲ್ಪಾ!”

ರವಿಕಿರಣ್ ಅವಳ ಕಡೆ ನೋಡಿದ. ಅವಳು ಜಾಕೆಟ್ ಬಿಚ್ಚಿ ಎದ್ದಳು. ಶೂ ಲೇಸ್ ಸಡಿಲವಾಗಿತ್ತು, ಮಂಡಿ ಬಗ್ಗಿಸಲಾಗದೆ ಎಡಗಾಲನ್ನು ಕುರ್ಚಿಯ ಮೇಲೆ ನೇರವಾಗಿಟ್ಟು ಕಟ್ಟಿಕೊಂಡಳು. ಜನರಿಗೆ ಅದು ಸ್ಟೈಲಾಗಿ ಕಂಡಿತು, ಶಿಳ್ಳೆ ಹೊಡೆದರು. ಸಾಬರಿಗೆ ಕಂಡದ್ದೇ ಬೇರೆ. ಕುಣಿಗಲ್‌ನಲ್ಲಿ ಕೇಳಿದ್ದ ತಮ್ಮದೇ ದನಿ ಅವರ ಕಿವಿಯಲ್ಲಿ ಮತ್ತೆ ಕೂಗಿತು.

“ಕೂತ್ಕೋ ಶಿಲ್ಪಾ!” ಅಂದುಬಿಟ್ಟರು ಮೈಕಿನಲ್ಲಿ.

ಜನ ನಕ್ಕರು. ಸಾಬರ ತಮಾಷೆ ಅಂದುಕೊಂಡರು. ಸಾಬರು ಮತ್ತೆ ಅಂದರು, “ಕೂತ್ಕೊಳ್ಳಮ್ಮಾ. ಇಳೀಬೇಡ.” ಕೂಗು ನಿಂತಿತು. ಕದರಯ್ಯ ಜನರನ್ನು ಸೀಳಿಕೊಂಡು ಓಡಿ ಬಂದ. “ಏನ್ ಸಾಬ್ರೇ, ತಲೆ ಕೆಟ್ಟೋಯ್ತಾ? ನೀವೇ ತಾನೆ ಬರ್ತಾಳೆ ಅಂದಿದ್ದು?”

“ನಾನೇ ಅಂದಿದ್ದು!” ಸಾಬರು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಕೇಳಿ ಎಲ್ರೂ! ಫ್ಲೆಕ್ಸ್ ಹಾಕ್ಸಿದ್ದು ಡಾಕ್ಟ್ರಲ್ಲ, ಕೋಚಲ್ಲ, ಆ ಹುಡ್ಗಿ ಮೊದ್ಲೇ ಅಲ್ಲ. ಹತ್ತಿ ಬಿಟ್ರೆ ಇನ್ನೇನೂ ಗೊತ್ತಿಲ್ದಿರೋ ಈ ದಸ್ತಗೀರ. ಯಾರನ್ನೂ ಕೇಳ್ದೆ ಹಾಕ್ಸಿದ್ದೆ. ತಪ್ಪು! ಏಳು ತಿಂಗಳ ಪಾರ್ಟಿ ಇವತ್ತಿಗೆ ಬಂದ್! ಈ ಹುಡ್ಗಿ ಒಂದಿನ ಅಲ್ಲ, ಹತ್ತು ವರ್ಷ ಆಡ್ಬೇಕು ಅನ್ನೋರು ನನ್ ಜೊತೆ ಕೂಗಿ. ಬ್ಯಾಡ ಅನ್ನೋರು ನನ್ನ ಬೈರಿ, ಅವ್ಳನ್ನ ಬೈಬೇಡಿ. ಕೂತ್ಕೋ ಶಿಲ್ಪಾ!”

ಆಮೇಲೆ ಒಂದು ಮೂಲೆಯಿಂದ ಪಟ್ಟಾಭಿರಾಮರು ಎದ್ದು ನಿಂತು, ಜೀವಮಾನದಲ್ಲಿ ಒಮ್ಮೆಯೂ ಕೂಗದ ತಮ್ಮ ಸಣ್ಣ ದನಿಯಲ್ಲಿ ಕೂಗಿದರು: “ಕೂತ್ಕೋ ಶಿಲ್ಪಾ!” ಹೆಂಗಸರ ಕಡೆಯಿಂದ ಮುನವ್ವರಾ ಎದ್ದರು. ಅವರ ಸುತ್ತ ಇದ್ದ ಹೆಂಗಸರೆಲ್ಲ ಎದ್ದರು. ಕದರಯ್ಯ ಒಂದು ಕುರ್ಚಿ ಹತ್ತಿ ನಿಂತು ಎಲ್ಲರಿಗಿಂತ ಜೋರಾಗಿ ಶುರುಮಾಡಿದ. ಕುಣಿಗಲ್‌ನವರೂ ಸೇರಿಕೊಂಡರು. ಒಬ್ಬ ಆಟಗಾರ್ತಿಗೆ ಆಡಬೇಡ ಅಂತ ಸಾವಿರ ಜನ ಕುಣಿದು ಕೂಗಿದ್ದು ನಮ್ಮ ಜಿಲ್ಲೆಯಲ್ಲಿ ಅದೇ ಮೊದಲಿರಬೇಕು. “ಕೂತ್ಕೋ ಶಿಲ್ಪಾ! ಕೂತ್ಕೋ ಶಿಲ್ಪಾ!”

ಆದರೂ ಶಿಲ್ಪಾ ಕೂರಲಿಲ್ಲ. ಗೆರೆಯ ಹತ್ತಿರ ಮುಷ್ಟಿ ಬಿಗಿದು ನಿಂತಿದ್ದಳು. ಸಾಬರ ಮೇಲೆ ಸಿಟ್ಟೋ, ಅಳುವೋ, ಹೇಳುವುದು ಕಷ್ಟ. ಅವಳ ಕಣ್ಣು ಜನರಲ್ಲಿ ಒಬ್ಬರನ್ನೇ ಹುಡುಕುತ್ತಿತ್ತು.

ಬೆಟ್ಟಯ್ಯ ಟ್ರ್ಯಾಕ್ಟರಿನಿಂದ ಇಳಿದು ಬಂದ. ಚಪ್ಪಲಿಯನ್ನು ಗೆರೆಯಾಚೆ ಬಿಟ್ಟು, ಗುಡಿಯೊಳಗೆ ಹೋಗುವವನಂತೆ ಅಂಗಳಕ್ಕೆ ಕಾಲಿಟ್ಟ. ಮಗಳ ಮುಂದೆ ನಿಂತು ತಲೆಯೆತ್ತಿ ನೋಡಿದ, ಅವಳು ಅವನಿಗಿಂತ ಅಷ್ಟು ಎತ್ತರ. “ಕುಂತ್ಕಳವ್ವಾ,” ಅಂದ. “ನೀ ಆಡ್ಲಿ ಅಂತ ಅಲ್ಲ ಕಣವ್ವಾ ನಾ ಅವತ್ತು ನಕ್ಕಿದ್ದು. ನಿನ್ ಕಾಲು ನೆಟ್ಟಗಾಯ್ತು ಅಂದ್ಕೊಂಡು ನಕ್ಕೆ.”

ಶಿಲ್ಪಾ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತಳು. ಅಪ್ಪನೂ ಪಕ್ಕದಲ್ಲೇ ಕೂತ. ಯಾರೂ ಅವನನ್ನು ಎಬ್ಬಿಸಲಿಲ್ಲ.

ಅವಳ ಬದಲು ಸೈಮಾ ಎಂಬ ಹೊಸ ಹುಡುಗಿ ಇಳಿದಳು. ಹೆದರಿ ಹೆದರಿ ಎಸೆದ ಮೊದಲನೆಯದೇ ಒಳಗೆ ಬಿತ್ತು. ಮೈದಾನ ಮತ್ತೆ ಹುಚ್ಚೆದ್ದಿತು. ಬೆಂಚಿನ ಮೇಲೆ ಶಿಲ್ಪಾ ಟವೆಲ್ ಬೀಸಿ ಬೀಸಿ ಸೈಮಾಳಿಗೆ ದಾರಿ ಹೇಳುತ್ತಿದ್ದಳು, ಸಾಬರು ಮೈಕೇ ಬೇಡ ಅನ್ನುವಂತೆ ಕೂಗುತ್ತಿದ್ದರು. ಕೊನೆಗೆ ಒಂದೇ ಬುಟ್ಟಿಯ ಅಂತರದಲ್ಲಿ ತುಮಕೂರು ಸೋತಿತು.

ಸೋತ ದುಃಖ ಆರುವ ಮೊದಲೇ ಟೆಂಪೊಗಳ ಹತ್ತಿರ ವಾದ ಶುರುವಾಗಿತ್ತು. ಹಾಗಾದರೆ ಶಿಲ್ಪಾ ಬರುವುದು ಯುಗಾದಿಗೋ, ಇಲ್ಲ ಮುಂದಿನ ಸೀಸನ್ನಿಗೋ? ಪಟ್ಟಾಭಿರಾಮರು ಫೋನ್ ತೆಗೆದರು. ಕದರಯ್ಯ ಕುದುರೆಯ ಮಾತೆತ್ತಿದ. ಎಲ್ಲರೂ ತೀರ್ಪಿಗಾಗಿ ಸಾಬರ ಕಡೆ ತಿರುಗಿದರು. ಸಾಬರು ಮೈಕ್ ಎತ್ತಿಕೊಂಡರು, ಬೆಂಚಿನ ಹತ್ತಿರ ಹೋದರು, ಅದನ್ನು ಶಿಲ್ಪಾಳ ಮುಂದೆ ಹಿಡಿದರು.

“ಯಾವಾಗ ಬರ್ತೀಯಮ್ಮಾ?”

ಶಿಲ್ಪಾ ಅಪ್ಪನನ್ನು ನೋಡಿದಳು, ಮಂಡಿಯನ್ನು ನೋಡಿಕೊಂಡಳು. “ಗೊತ್ತಿಲ್ಲ ಸಾಬ್ರೇ,” ಅಂದಳು.

ಆ ಒಂದು ಮಾತಿಗೆ ಹೊಡೆದಷ್ಟು ಶಿಳ್ಳೆಯನ್ನು ಗುಬ್ಬಿಯ ಜನ ಆ ಸಂಜೆ ಕಪ್ ಎತ್ತಿದ ಕುಣಿಗಲ್‌ಗೂ ಹೊಡೆದಿರಲಿಲ್ಲ.